ಮೂರನೆಯ ಪೀಟರನೂ ಬಿದನೂರಿನ ಚೆನ್ನಬಸಪ್ಪನಾಯಕನೂ: ಆಧಾರಗಳ ವಿಮರ್ಶೆ

೧

ಶಿವಮೊಗ್ಗ ನಗರದಿಂದ ಹೊರಡುವ ದಾರಿಗಳಲ್ಲಿ ಎರಡನ್ನು ಇಲ್ಲಿ ನೆನೆಯಬಹುದು. ಒಂದು ಸವಳಂಗ ರಸ್ತೆ. ಅದು ಸವಳಂಗವನ್ನು ಹಾದು ಶಿಕಾರಿಪುರಕ್ಕೆ ಹೋಗುತ್ತದೆ. ಇನ್ನೊಂದು ಕುಂಸಿ, ಆನಂದಪುರಗಳ ಮೇಲೆ ಸಾಗರಕ್ಕೆ ಹೋಗುವ ದಾರಿ. ಕ್ರಿ.ಶ. ೧೭೬೩ರಲ್ಲಿ ಹೈದರಾಲಿಯ ಸೇನೆಯು ಶಿವಮೊಗ್ಗವನ್ನು ಹಿಡಿದು ಬಿದನೂರಿನ ಮೇಲೆ ನಡೆದದ್ದು ಈ ಎರಡನೆಯ ದಿಕ್ಕಿನಲ್ಲಿ. ಇಂದು ಸವಳಂಗ ರಸ್ತೆಯಲ್ಲಿ ಪುಸ್ತಕ ಹಿಡಿದು ಹೋಗಿಬರುವ ಚರಿತ್ರೆಯ ವಿದ್ಯಾರ್ಥಿಯು ಯೂರೋಪಿನ ಚರಿತ್ರೆಯ ಪತ್ರಿಕೆಯೊಂದನ್ನೂ ಕರ್ನಾಟಕದ ಚರಿತ್ರೆಯ ಪತ್ರಿಕೆಯೊಂದನ್ನೂ ಬೇರೆ ಬೇರೆಯಾಗಿ ಓದುತ್ತಾನೆ. ಮೊದಲನೆಯದರಲ್ಲಿ ರಷ್ಯದ ಮೂರನೆಯ ಪೀಟರನಿಗೆ ಎರಡು ವಾಕ್ಯ ಸಲ್ಲುತ್ತವೆ: ಅವನು ಮೂಢ, ಅವನನ್ನು ಇಳಿಸಿ ಮಹಾರಾಣಿ ಕ್ಯಾಥರೀನಳು ಪಟ್ಟವೇರಿದಳು. ಎರಡನೆಯದರಲ್ಲಿ ಬಿದನೂರಿನ ಚೆನ್ನಬಸಪ್ಪನಾಯಕನಿಗೂ ಎರಡೇ ವಾಕ್ಯ: ಅವನು ನಿರಪರಾಧಿಯಾದ ತರುಣ, ಅವನನ್ನು ರಾಣಿ ವೀರಮ್ಮಾಜಿ ಕೊಲ್ಲಿಸಿದಳು. ಈ ನಾಲ್ಕು ವಾಕ್ಯಗಳನ್ನು ಒಂದೆಡೆ ಇಟ್ಟು ನೋಡುವ ಅಭ್ಯಾಸ ನಮ್ಮಲ್ಲಿ ಇಲ್ಲ. ಹಾಗೆ ನೋಡಿದರೆ ಅವುಗಳ ಬಲವೂ ದೌರ್ಬಲ್ಯವೂ ಒಟ್ಟಿಗೆ ಬೆಳಕಿಗೆ ಬರುತ್ತವೆ ಎಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ಹೋಲಿಕೆಯು ಕೇವಲ ಕುತೂಹಲಕ್ಕಾಗಿ ಮಾಡಿದುದಲ್ಲ. ಎರಡೂ ಕಥೆಗಳು ಒಂದೇ ಕಾಲದವು. ಚೆನ್ನಬಸಪ್ಪನಾಯಕನ ಆಳ್ವಿಕೆ ಸುಮಾರು ೧೭೫೪ರಿಂದ ೧೭೫೭ರ ವರೆಗೆ. ಪೀಟರನದು ೧೭೬೨ರ ಜನವರಿಯಿಂದ ಜುಲೈವರೆಗೆ. ಎರಡೂ ಕಡೆ ಅರಸನ ಬಳಿಕ ಅಧಿಕಾರ ಬಂದದ್ದು ಅರಮನೆಯ ಹೆಂಗಸಿಗೆ. ಎರಡೂ ಕಡೆ ಆಕೆಗೆ ಪ್ರಿಯಕರನಿದ್ದನೆಂಬ ಮಾತುಂಟು. ಎರಡೂ ಕಡೆ ಸತ್ತನೆಂದ ಅರಸನು ತಾನೇ ಎಂದು ಹೇಳಿಕೊಂಡು ಕೆಲವು ವರ್ಷಗಳ ಮೇಲೆ ಒಬ್ಬನು ಎದ್ದುಬಂದನು. ಇಷ್ಟು ಸಮಾನವಾದ ಸಂಗತಿಗಳಿಂದ ಹೊರಟು ಚರಿತ್ರಕಾರರು ಮುಟ್ಟಿದ ತೀರ್ಪು ಮಾತ್ರ ತದ್ವಿರುದ್ಧವಾಗಿದೆ. ಏಕೆ ಹೀಗಾಯಿತು?

೨

ಮೊದಲು ರಷ್ಯದ ಪ್ರಕರಣವನ್ನು ತೆಗೆದುಕೊಳ್ಳೋಣ. ಪೀಟರನು ಹುಟ್ಟಿದ್ದು ೧೭೨೮ರಲ್ಲಿ, ಜರ್ಮನಿಯ ಕೀಲ್ ಪಟ್ಟಣದಲ್ಲಿ. ತಂದೆ ಹೋಲ್‌ಸ್ಟೈನ್-ಗೊಟ್ಟಾರ್ಪ್ ಸಂಸ್ಥಾನದ ಡ್ಯೂಕ್. ತಾಯಿ ಮಹಾ ಪೀಟರನ ಮಗಳು ಅನ್ನಾ. ಮಕ್ಕಳಿಲ್ಲದ ಚಕ್ರವರ್ತಿನಿ ಎಲಿಜಬೆತಳು ತನ್ನ ಅಕ್ಕನ ಮಗನಾದ ಈ ಹುಡುಗನನ್ನು ೧೭೪೨ರಲ್ಲಿ ರಷ್ಯಕ್ಕೆ ಕರೆಸಿಕೊಂಡು, ಮತಾಂತರ ಮಾಡಿಸಿ, ಉತ್ತರಾಧಿಕಾರಿಯೆಂದು ಸಾರಿದಳು. ೧೭೪೫ರಲ್ಲಿ ಅವನಿಗೆ ಜರ್ಮನಿಯ ಸಣ್ಣ ರಾಜಮನೆತನವೊಂದರ ಕನ್ಯೆಯನ್ನು ತಂದು ಮದುವೆ ಮಾಡಿದರು. ಆಕೆಯೇ ಮುಂದೆ ಕ್ಯಾಥರೀನ್ ಎಂದು ಪ್ರಸಿದ್ಧಳಾದವಳು. ಹೀಗೆ ದೊರೆಯೂ ಹೊರಗಿನಿಂದ ಬಂದವನು, ರಾಣಿಯೂ ಹೊರಗಿನಿಂದ ಬಂದವಳು.

೧೭೬೨ರ ಜನವರಿ ೫ರಂದು ಪೀಟರನಿಗೆ ರಾಜ್ಯ ಬಂದಿತು. ಜುಲೈ ೯ರಂದು ಅದು ಅವನ ಕೈಬಿಟ್ಟಿತು. ಪಟ್ಟಾಭಿಷೇಕದ ವಿಧಿಯೂ ನಡೆದಿರಲಿಲ್ಲ. ಈ ಆರು ತಿಂಗಳಲ್ಲಿ ಅವನು ಮಾಡಿದ ಕಾರ್ಯಗಳು ಲಿಖಿತ ಶಾಸನಗಳಾಗಿ ಉಳಿದಿವೆ. ಶ್ರೀಮಂತವರ್ಗಕ್ಕೆ ವಿಧಿಸಿದ್ದ ಕಡ್ಡಾಯದ ರಾಜಸೇವೆಯನ್ನು ತೆಗೆದುಹಾಕಿದನು. ಜನರನ್ನು ಗುಟ್ಟಾಗಿ ಹಿಡಿದು ಹಿಂಸಿಸುತ್ತಿದ್ದ ರಹಸ್ಯ ಕಚೇರಿಯನ್ನು ಮುಚ್ಚಿಸಿದನು. ಚರ್ಚಿನ ಭೂಮಿಗಳನ್ನು ಸರ್ಕಾರದ ಆಡಳಿತಕ್ಕೆ ತರಲು ಆಜ್ಞೆ ಮಾಡಿದನು. ಪ್ರಷ್ಯದೊಡನೆ ನಡೆಯುತ್ತಿದ್ದ ಯುದ್ಧವನ್ನು ಮೇ ತಿಂಗಳಲ್ಲಿ ಒಪ್ಪಂದ ಮಾಡಿಕೊಂಡು ನಿಲ್ಲಿಸಿ, ಗೆದ್ದ ನೆಲವನ್ನು ಫ್ರೆಡರಿಕನಿಗೆ ಮರಳಿ ಕೊಟ್ಟನು. ಈ ಕೊನೆಯ ಕಾರ್ಯವು ಸೇನೆಗೆ ಅಪಮಾನವೆನಿಸಿತು. ಅದರ ಮೇಲೆ ಕಾವಲು ದಳದವರಿಗೆ ಪ್ರಷ್ಯದ ಮಾದರಿಯ ಉಡುಪನ್ನು ಹೊರಿಸಿದ್ದೂ, ತನ್ನ ಹೋಲ್‌ಸ್ಟೈನ್ ಮನೆತನದ ಹಕ್ಕಿಗಾಗಿ ಡೆನ್ಮಾರ್ಕಿನ ಮೇಲೆ ಯುದ್ಧಕ್ಕೆ ಸನ್ನಾಹ ಮಾಡಿದ್ದೂ ಅವನ ವಿವೇಕವನ್ನು ತೋರಿಸುವ ಸಂಗತಿಗಳಲ್ಲ. ಆ ಕಾವಲು ದಳದ ನೆರವಿನಿಂದಲೇ ಕ್ಯಾಥರೀನಳು ರಾಜ್ಯವನ್ನು ಕಸಿದುಕೊಂಡಳು. ಪದಚ್ಯುತನಾದ ಪೀಟರನು ರೋಪ್ಷಾದ ಬಂಗಲೆಯಲ್ಲಿ ಕಾವಲಿನಲ್ಲಿದ್ದಾಗ ಜುಲೈ ೧೭ರಂದು ಸತ್ತನು. ಮೂಲವ್ಯಾಧಿಯಿಂದ ಹುಟ್ಟಿದ ಶೂಲೆಯೇ ಮರಣಕಾರಣವೆಂದು ಸರ್ಕಾರ ಪ್ರಕಟಿಸಿತು. ಕಾವಲಿನ ಮುಖ್ಯಸ್ಥ ಅಲೆಕ್ಸಿ ಒರ್ಲೋವ್. ರಾಣಿಯ ಪ್ರಿಯಕರನ ತಮ್ಮ. ಈ ಸಾವಿಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ.

ಹಾಗಾದರೆ ಪೀಟರನು ಮೂಢನೆಂಬ ಮಾತು ಎಲ್ಲಿಂದ ಬಂದಿತು? ಅದರ ಮುಖ್ಯ ಆಕರ ಕ್ಯಾಥರೀನಳೇ ಬರೆದ ಆತ್ಮಚರಿತ್ರೆ. ಅವಳ ಕಾಲದಲ್ಲಿ ಅದು ಅಚ್ಚಾಗಲಿಲ್ಲ. ೧೮೫೯ರಲ್ಲಿ ಹೆರ್ಜೆನನು ಲಂಡನ್ನಿನಲ್ಲಿ ಅದನ್ನು ಪ್ರಕಟಿಸಿದನು. ಬೊಂಬೆ ಸಿಪಾಯಿಗಳೊಡನೆ ಆಡುವ ಗಂಡ, ತನ್ನ ಬೊಂಬೆಯನ್ನು ಕಡಿದ ಇಲಿಗೆ ಗಲ್ಲುಶಿಕ್ಷೆ ವಿಧಿಸುವ ಗಂಡ: ಈ ಚಿತ್ರಗಳನ್ನು ಓದಿದವರು ಮರೆಯಲಾರರು. ಆದರೆ ಚಿತ್ರ ಬರೆದ ಕೈ ಯಾವುದೆಂಬುದನ್ನು ಮಾತ್ರ ಬಹುಮಂದಿ ಮರೆತರು. ಗಂಡನ ರಾಜ್ಯವನ್ನು ತೆಗೆದುಕೊಂಡವಳಿಗೆ ಗಂಡನು ರಾಜ್ಯಕ್ಕೆ ಅನರ್ಹನಾಗಿದ್ದನೆಂದು ತೋರಿಸುವುದು ಅವಶ್ಯವಾಗಿತ್ತು.

ಕ್ಯಾಥರೀನಳ ಮಾತನ್ನು ಅಳೆಯಲು ಅವಳ ನಡತೆಯೇ ನಮಗೆ ಒಳ್ಳೆಯ ಕೋಲು. ಪಟ್ಟವೇರಿದಾಗ ಅವಳು ಹೊರಡಿಸಿದ ಘೋಷಣೆಯಲ್ಲಿ ಮತಕ್ಕೆ ಅಪಾಯ ಬಂದಿತೆಂದೂ ರಷ್ಯದ ಕೀರ್ತಿಯನ್ನು ಶತ್ರುವಿಗೆ ಒಪ್ಪಿಸಲಾಯಿತೆಂದೂ ಆರೋಪಿಸಿದಳು. ಬಳಿಕ ಅವಳು ಮಾಡಿದ್ದೇನು? ಪ್ರಷ್ಯದೊಡನೆ ಯುದ್ಧವನ್ನು ಮತ್ತೆ ಹೂಡಲಿಲ್ಲ, ಶಾಂತಿಯನ್ನು ಉಳಿಸಿಕೊಂಡಳು. ೧೭೬೪ರಲ್ಲಿ ಚರ್ಚಿನ ಭೂಮಿಗಳನ್ನು ತಾನೇ ಸರ್ಕಾರಕ್ಕೆ ಸೇರಿಸಿಕೊಂಡಳು. ೧೭೮೫ರಲ್ಲಿ ಶ್ರೀಮಂತರ ಸ್ವಾತಂತ್ರ್ಯವನ್ನು ಸನ್ನದಿನ ಮೂಲಕ ದೃಢಪಡಿಸಿದಳು. ಗಂಡನನ್ನು ಯಾವ ಕಾರ್ಯಗಳಿಗಾಗಿ ದೂಷಿಸಿದಳೋ ಅವುಗಳನ್ನೇ ಮುಂದುವರಿಸಿ ಕೀರ್ತಿ ಪಡೆದಳು. ಹೀಗಿರುವಾಗ, ಪೀಟರನ ನೀತಿಯನ್ನು ಹುಚ್ಚೆಂದು ತಳ್ಳಿಹಾಕುವುದು ನ್ಯಾಯವಲ್ಲ. ೧೯೯೩ರಲ್ಲಿ ಕ್ಯಾರಲ್ ಲೆನಾರ್ಡ್ ಅವರು ಅವನ ಆಳ್ವಿಕೆಯನ್ನೇ ವಿಷಯವಾಗಿಟ್ಟುಕೊಂಡು ಬರೆದ ಗ್ರಂಥದಲ್ಲಿ ಅವನ ಸುಧಾರಣೆಗಳನ್ನು ಗಂಭೀರವಾಗಿ ಪರಿಗಣಿಸಿದ್ದಾರೆ. ಅವನಿಗೆ ಕೌಶಲ ಸಾಲದಾಗಿತ್ತು, ನೆಲದ ಜನರ ಮನಸ್ಸು ತಿಳಿಯದಾಗಿತ್ತು ಎಂಬುದು ನಿಜ. ಆದರೆ ಅದು ಮೂಢತನಕ್ಕಿಂತ ಬೇರೆಯಾದ ದೋಷ.

೩

ಇನ್ನು ಬಿದನೂರಿಗೆ ಬರೋಣ. ಹದಿನೈದನೆಯ ಶತಮಾನದ ಕೊನೆಯಲ್ಲಿ ಕೆಳದಿಯಲ್ಲಿ ಮೊದಲಾಗಿ, ಇಕ್ಕೇರಿಯಲ್ಲಿ ಬೆಳೆದು, ಬಿದನೂರಿನಲ್ಲಿ ನೆಲೆಸಿದ ನಾಯಕರ ರಾಜ್ಯವು ಹದಿನೆಂಟನೆಯ ಶತಮಾನದ ನಡುವಿನಲ್ಲಿ ಇಳಿಮುಖವಾಗಿತ್ತಾದರೂ ಮಲೆನಾಡಿನ ಅಡಕೆ, ಮೆಣಸು, ಅಕ್ಕಿಗಳ ವ್ಯಾಪಾರದಿಂದ ಸಂಪನ್ನವಾಗಿಯೇ ಇತ್ತು. ೧೭೩೯ರಿಂದ ಆಳಿದ ಇಮ್ಮಡಿ ಬಸಪ್ಪನಾಯಕನಿಗೆ ಔರಸಪುತ್ರರಿರಲಿಲ್ಲ. ಅವನ ದತ್ತುಮಗನಾದ ಚೆನ್ನಬಸಪ್ಪನಾಯಕನು ಹದಿಹರೆಯದಲ್ಲಿಯೇ ಪಟ್ಟಕ್ಕೆ ಬಂದನು. ಮೂರು ವರ್ಷಗಳ ಸುಮಾರಿಗೆ ಅವನ ಆಳ್ವಿಕೆ ಮುಗಿಯಿತು. ಬಸಪ್ಪನಾಯಕನ ವಿಧವೆ ವೀರಮ್ಮಾಜಿಯು ಇನ್ನೊಬ್ಬ ಬಾಲಕನನ್ನು ದತ್ತು ತೆಗೆದುಕೊಂಡು, ಮುಮ್ಮಡಿ ಸೋಮಶೇಖರನಾಯಕನೆಂಬ ಹೆಸರಿನಲ್ಲಿ ಅವನನ್ನು ಪಟ್ಟದಲ್ಲಿರಿಸಿ, ತಾನೇ ರಾಜ್ಯಭಾರ ಮಾಡಿದಳು.

ಇವೆರಡರ ನಡುವೆ ನಡೆದುದೇನೆಂಬುದಕ್ಕೆ ನಮ್ಮ ಪಠ್ಯಪುಸ್ತಕಗಳು ಅನುಸರಿಸುವುದು ಕರ್ನಲ್ ವಿಲ್ಕ್ಸನನ್ನು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಈತನು ೧೮೧೦ರಿಂದ ೧೮೧೭ರ ವರೆಗೆ ಪ್ರಕಟಿಸಿದ ಮೈಸೂರಿನ ಇತಿಹಾಸದಲ್ಲಿ ಹೀಗೆ ಹೇಳುತ್ತಾನೆ: ವಿಧವೆ ರಾಣಿಗೆ ನಿಂಬಯ್ಯನೆಂಬ ಸೇವಕನಲ್ಲಿ ಅನುರಾಗವಿತ್ತು, ಬಾಲ ರಾಜನು ಅದನ್ನು ಆಕ್ಷೇಪಿಸಿದನು, ಮೈ ತಿಕ್ಕುವ ನೆವದಲ್ಲಿ ಒಬ್ಬ ಜಟ್ಟಿಯು ಅವನ ಕೊರಳನ್ನು ಮುರಿದು ಕೊಂದನು. ವಿಲ್ಕ್ಸನು ಶ್ರದ್ಧಾವಂತನಾದ ಚರಿತ್ರಕಾರನೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವನು ಬರೆದದ್ದು ಘಟನೆ ನಡೆದು ಐವತ್ತು ವರ್ಷಗಳಾದ ಮೇಲೆ. ಅಷ್ಟು ಹೊತ್ತಿಗೆ ಬಿದನೂರಿನ ಅರಮನೆಯೂ ಇರಲಿಲ್ಲ, ಅದರ ಪರವಾಗಿ ಮಾತನಾಡುವ ರಾಜವಂಶವೂ ಇರಲಿಲ್ಲ.

ಈ ಕಥೆಯ ಉತ್ತರಾರ್ಧವನ್ನೂ ವಿಲ್ಕ್ಸನೇ ಕೊಡುತ್ತಾನೆ. ಹೈದರಾಲಿಯು ಚಿತ್ರದುರ್ಗದ ಬಳಿ ಇದ್ದಾಗ ಅಲ್ಲಿಯ ಪಾಳೆಯಗಾರನು ಒಬ್ಬ ಯುವಕನನ್ನು ಅವನ ಮುಂದೆ ತಂದು ನಿಲ್ಲಿಸಿದನು. ಈತನೇ ಚೆನ್ನಬಸಪ್ಪನಾಯಕ, ಕೊಲ್ಲಬೇಕಾಗಿದ್ದ ಜಟ್ಟಿಯು ಕನಿಕರಿಸಿ ಈತನನ್ನು ಐದು ವರ್ಷ ತನ್ನ ಮನೆಯಲ್ಲಿ ಬಚ್ಚಿಟ್ಟು ಕಾಪಾಡಿದನು ಎಂಬುದು ಆ ಯುವಕನ ಕಥೆ. ಹೈದರನು ಅವನನ್ನು ಪಟ್ಟಕ್ಕೆ ಕೂರಿಸುವ ಮಾತು ಕೊಟ್ಟು ದಂಡೆತ್ತಿ ಹೊರಟನು. ಅವನ ಸಿಪಾಯಿಗಳೇ ಆ ಯುವಕನನ್ನು ‘ಗೈಬು ರಾಜ’ನೆಂದು ಕರೆದು ನಗುತ್ತಿದ್ದರಂತೆ. ಗೈಬು ಎಂದರೆ ಕಣ್ಮರೆಯಾದದ್ದು. ಇಲ್ಲವಾದವನು ಇದ್ದಕ್ಕಿದ್ದಂತೆ ಬಂದ ರಾಜನೆಂದು ಅವರ ಪರಿಹಾಸ್ಯ.

ಇಲ್ಲಿ ಓದುಗರು ಒಂದು ಅಂಶವನ್ನು ಗಮನಿಸಬೇಕು. ಕೊಲೆಯ ಕಥೆಯಲ್ಲಿಯೂ ಒಬ್ಬ ಜಟ್ಟಿ ಇದ್ದಾನೆ, ಬದುಕಿಸಿದ ಕಥೆಯಲ್ಲಿಯೂ ಅದೇ ಜಟ್ಟಿ ಇದ್ದಾನೆ. ತಾನು ಸಾಯದೆ ಉಳಿದವನೆಂದು ಹೇಳುವವನಿಗೆ, ತನ್ನನ್ನು ಕೊಲ್ಲಲು ಆಜ್ಞೆಯಾಗಿತ್ತೆಂಬ ಪೂರ್ವಕಥೆ ಅನಿವಾರ್ಯ. ಆದ್ದರಿಂದ ಇವೆರಡೂ ಒಂದೇ ಕಥೆಯ ಎರಡು ಹೋಳುಗಳೆಂದೂ, ನಮಗೆ ದೊರೆತಿರುವ ರೂಪದಲ್ಲಿ ಕೊಲೆಯ ವೃತ್ತಾಂತವು ಈ ಯುವಕನೊಡನೆಯೇ ಹೈದರನ ಪಾಳೆಯಕ್ಕೆ ಬಂದಿರಬಹುದೆಂದೂ ನಾವು ಊಹಿಸುತ್ತೇವೆ. ವಿಲ್ಕ್ಸನು ಎರಡನೆಯ ಹೋಳನ್ನು ಸುಳ್ಳೆಂದು ಬಿಟ್ಟು ಮೊದಲನೆಯದನ್ನು ನಿಜವೆಂದು ಇಟ್ಟುಕೊಂಡಿದ್ದಾನೆ. ಆದರೆ ಒಂದೇ ಬಾಯಿಂದ ಬಂದ ಮಾತಿನಲ್ಲಿ ಅರ್ಧವನ್ನು ಮಾತ್ರ ನಂಬುವವರು ಹಾಗೆ ನಂಬುವುದಕ್ಕೆ ಬೇರೆ ಆಧಾರವನ್ನು ತೋರಿಸಬೇಕಾಗುತ್ತದೆ.

ವಿಲ್ಕ್ಸನಿಗಿಂತ ಮೊದಲೇ, ೧೭೮೩ರಲ್ಲಿ, ಹೈದರನ ಸೇವೆಯಲ್ಲಿದ್ದ ಫ್ರೆಂಚನೊಬ್ಬನು ಬರೆದ ಹೈದರನ ಚರಿತ್ರೆ ಅಚ್ಚಾಗಿತ್ತು. ಡಿ ಲಾ ತೂರ್ ಎಂದು ಪ್ರಸಿದ್ಧನಾದ ಈ ಲೇಖಕನ ವೃತ್ತಾಂತದಲ್ಲಿ ಬಿದನೂರಿನ ರಾಜಕುಮಾರನು ಸತ್ತೇ ಇಲ್ಲ. ವಯಸ್ಸಿಗೆ ಬಂದ ಮೇಲೂ ರಾಣಿಯು ಅಧಿಕಾರವನ್ನು ಬಿಟ್ಟುಕೊಡಲಿಲ್ಲವೆಂದು ಅವನು ಹೈದರನ ಆಶ್ರಯಕ್ಕೆ ಬಂದ ನಿಜವಾದ ವಾರಸುದಾರ. ಒಂದು ಗ್ರಂಥದಲ್ಲಿ ಹೆಣ, ಇನ್ನೊಂದರಲ್ಲಿ ಜೀವಂತನಾದ ಅರಸ. ಒಂದರಲ್ಲಿ ವೇಷಧಾರಿ, ಇನ್ನೊಂದರಲ್ಲಿ ಹಕ್ಕುದಾರ. ಈ ಎರಡು ವೃತ್ತಾಂತಗಳು ಸೇರುವ ಬಿಂದು ಒಂದೇ: ರಾಣಿ ಕೆಟ್ಟವಳು, ಆದ್ದರಿಂದ ಹೈದರನು ದಂಡೆತ್ತಿ ಬಂದದ್ದು ನ್ಯಾಯ. ಉಳಿದ ವಿವರಗಳೆಲ್ಲ ಬೇರೆಯಾಗಿ ಈ ನಿರ್ಣಯ ಮಾತ್ರ ಒಂದೇ ಆಗಿರುವಾಗ, ಅದು ಎಲ್ಲಿ ಹುಟ್ಟಿತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಸ್ಥಳೀಯ ಆಕರಗಳಲ್ಲಿ ಮುಖ್ಯವಾದುದು ಲಿಂಗಣ್ಣಕವಿಯ ‘ಕೆಳದಿನೃಪವಿಜಯ’. ಈ ಚಂಪೂಕಾವ್ಯವನ್ನು ಆರ್. ಶಾಮಶಾಸ್ತ್ರಿಗಳು ಸಂಪಾದಿಸಿ ೧೯೨೧ರಲ್ಲಿ ಪ್ರಕಟಿಸಿದರು. ಅದು ರಾಜವಂಶದ ಪ್ರಶಸ್ತಿ; ಪಟ್ಟಾಭಿಷೇಕ, ದಾನ, ದಂಡಯಾತ್ರೆ, ಮಠ ದೇವಾಲಯಗಳ ಉಂಬಳಿ ಇವೇ ಅದರ ಹುರುಳು. ಅಂತಃಪುರದ ಅಪವಾದಗಳಿಗೆ ಅಂಥ ಕಾವ್ಯದ ಚೌಕಟ್ಟಿನಲ್ಲಿ ಎಡೆಯಿಲ್ಲ. ಆದಕಾರಣ ಆ ಕಾವ್ಯವನ್ನು ಮುಂದಿಟ್ಟುಕೊಂಡು ರಾಣಿಯು ನಿರ್ದೋಷಿಯೆಂದು ವಾದಿಸುವುದೂ ಸರಿಯಲ್ಲ. ವಿಜೇತನ ಕಡೆಯ ಮಾತು ಹೇಗೆ ಪಕ್ಷಪಾತದ್ದೋ ಆಸ್ಥಾನದ ಮಾತೂ ಹಾಗೆಯೇ. ಕಾಲಕ್ರಮವನ್ನೂ ವಂಶಕ್ರಮವನ್ನೂ ಅದರಿಂದ ತೆಗೆದುಕೊಳ್ಳಬಹುದು. ಶೀಲದ ತೀರ್ಪನ್ನು ತೆಗೆದುಕೊಳ್ಳಬಾರದು.

೪

ಕ್ಯಾಥರೀನಳ ಆರೋಪವನ್ನು ಅವಳ ಮುಂದಿನ ನಡತೆಯಿಂದ ಅಳೆದಂತೆಯೇ, ಹೈದರನ ನ್ಯಾಯವನ್ನೂ ಅವನ ಮುಂದಿನ ನಡತೆಯಿಂದ ಅಳೆಯಬಹುದು. ಬಿದನೂರಿಗೆ ಒಳದಾರಿಯನ್ನು ತೋರಿಸಿದವನು ಕುಂಸಿಯ ಸೆರೆಯಲ್ಲಿ ಸಿಕ್ಕಿದ ಹಳೆಯ ಮಂತ್ರಿ ಲಿಂಗಣ್ಣನೆಂದು ವಿಲ್ಕ್ಸನು ಹೇಳುತ್ತಾನೆ. (ಕವಿ ಲಿಂಗಣ್ಣನ ಹೆಸರೂ ಇದೇ ಆಗಿರುವುದರಿಂದ ವಿದ್ಯಾರ್ಥಿಗಳು ಇಬ್ಬರನ್ನೂ ಒಬ್ಬನೆಂದು ಭ್ರಮಿಸಬಾರದು.) ನಗರ ಕೈವಶವಾಯಿತು; ಅದರ ಹೆಸರು ಹೈದರನಗರವೆಂದಾಯಿತು, ಇಂದಿನ ನಗರವೆಂಬ ಹೆಸರು ಅದರಿಂದಲೇ ಉಳಿದದ್ದು. ಯಾರನ್ನು ಪಟ್ಟಕ್ಕೆ ಕೂರಿಸಲೆಂದು ದಂಡು ಬಂದಿತ್ತೋ ಅವನಿಗೆ ಪಟ್ಟವಾಗಲಿಲ್ಲ. ವೀರಮ್ಮಾಜಿ, ಅವಳ ದತ್ತುಮಗ, ಪ್ರಿಯಕರನೆನಿಸಿದವನು, ಕಡೆಗೆ ಆ ‘ಗೈಬು ರಾಜ’ ಎಲ್ಲರೂ ಒಟ್ಟಿಗೆ ಮಧುಗಿರಿಯ ಸೆರೆಗೆ ಹೋದರು.

ಈ ಒಂದು ಸಂಗತಿಯೇ ಸಾಕು. ಆ ಯುವಕನು ನಿಜವಾದ ಅರಸನಾಗಿದ್ದರೆ ಅವನನ್ನು ಸೆರೆಗೆ ಹಾಕಿದ್ದು ಅನ್ಯಾಯ. ವೇಷಧಾರಿಯಾಗಿದ್ದರೆ ಅವನ ಹೆಸರಿನಲ್ಲಿ ದಂಡೆತ್ತಿದ್ದು ನೆವ. ಯಾವ ರೀತಿ ನೋಡಿದರೂ ಚೆನ್ನಬಸಪ್ಪನಾಯಕನಿಗೆ ನ್ಯಾಯ ದೊರಕಿಸುವುದು ಆ ದಂಡಯಾತ್ರೆಯ ಉದ್ದೇಶವಾಗಿರಲಿಲ್ಲ. ಹೈದರನು ಸಮರ್ಥನಾದ ರಾಜ್ಯಕರ್ತ. ಬಿದನೂರಿನ ಭಂಡಾರವೂ ಕರಾವಳಿಯ ಬಂದರುಗಳೂ ಅವನಿಗೆ ಬೇಕಾಗಿದ್ದವು. ಅದಕ್ಕಾಗಿ ಅವನನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆ ಕಾಲದ ರಾಜರೆಲ್ಲರ ರೀತಿ ಅದೇ ಆಗಿತ್ತು. ಆದರೆ ದಂಡಯಾತ್ರೆಯ ನೆವವನ್ನು ಚರಿತ್ರೆಯ ಸತ್ಯವೆಂದು ಪಾಠ ಹೇಳುವುದನ್ನು ಮಾತ್ರ ನಾವು ಒಪ್ಪಲಾರೆವು.

ಸತ್ತವನು ಮರಳಿ ಬಂದನೆಂಬುದರಿಂದ ಅವನ ಸಾವಿನ ಬಗೆಗೆ ಏನಾದರೂ ಸಿದ್ಧವಾಗುತ್ತದೆಯೇ? ರಷ್ಯದ ಉದಾಹರಣೆ ಇಲ್ಲಿ ನೆರವಿಗೆ ಬರುತ್ತದೆ. ಪೀಟರನ ದೇಹವನ್ನು ರಾಜಧಾನಿಯ ಮಠದಲ್ಲಿ ಜನರು ನೋಡುವಂತೆ ಇಟ್ಟಿದ್ದರು. ಹಾಗಿದ್ದರೂ ೧೭೬೭ರಲ್ಲಿ ದೂರದ ಮಾಂಟೆನಿಗ್ರೋದಲ್ಲಿ ಒಬ್ಬನು ಪೀಟರನೆಂಬ ಹೆಸರಿನಿಂದ ಜನರನ್ನು ಆಳತೊಡಗಿದನು. ೧೭೭೩ರಲ್ಲಿ ಪುಗಚೇವನೆಂಬ ಕೊಸಾಕನು ತಾನೇ ಪೀಟರನೆಂದು ಸಾರಿ ಜೀತದ ರೈತರನ್ನು ಕಟ್ಟಿಕೊಂಡು ದಂಗೆಯೆದ್ದು, ೧೭೭೫ರಲ್ಲಿ ಮರಣದಂಡನೆಗೆ ಗುರಿಯಾದನು. ಹೆಣವನ್ನು ಕಂಡ ನಾಡಿನಲ್ಲಿಯೇ ಸತ್ತ ಅರಸನು ಎದ್ದುಬರಬಲ್ಲನಾದರೆ, ಬಿದನೂರಿನ ಯುವಕನ ಆಗಮನದಿಂದ ಅರಸನು ಬದುಕಿದ್ದನೆಂದಾಗಲಿ ಕೊಲೆಯಾದನೆಂದಾಗಲಿ ಸಾಧಿಸಲಾಗದು. ಅದರಿಂದ ತಿಳಿಯುವುದು ಇಷ್ಟೇ: ಅಕಾಲದಲ್ಲಿ ಹೋದ ಅರಸನ ಹೆಸರು ಇತರರ ಕೈಯಲ್ಲಿ ಒಳ್ಳೆಯ ಆಯುಧ. ರಷ್ಯದಲ್ಲಿ ಅದನ್ನು ಹಿಡಿದವರು ಬಡ ರೈತರು. ನಮ್ಮಲ್ಲಿ ಹಿಡಿದವರು ನೆರೆಯ ಪಾಳೆಯಗಾರನೂ ಅವನ ಮಿತ್ರನಾದ ಸೇನಾನಿಯೂ.

೫

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. ಕ್ಯಾಥರೀನಳು ಗೆದ್ದಳು, ಮೂವತ್ತನಾಲ್ಕು ವರ್ಷ ಆಳಿದಳು, ತನ್ನ ಕಥೆಯನ್ನು ತಾನೇ ಬರೆದಳು. ಆದ್ದರಿಂದ ಕೊಲೆಯಾದ ಗಂಡನು ಮೂಢನಾದನು, ಅವಳು ‘ಮಹಾ’ ಎನಿಸಿಕೊಂಡಳು. ವೀರಮ್ಮಾಜಿ ಸೋತಳು, ಮಧುಗಿರಿಯು ೧೭೬೭ರಲ್ಲಿ ಪೇಶ್ವೆ ಮಾಧವರಾಯನ ವಶವಾದಾಗ ಸೆರೆಯಿಂದ ಬಿಡುಗಡೆ ಹೊಂದಿ, ಪುಣೆಗೆ ಹೋಗುವ ದಾರಿಯಲ್ಲಿ ತೀರಿಕೊಂಡಳು. ಅವಳ ಕಥೆಯನ್ನು ಅವಳ ರಾಜ್ಯವನ್ನು ತೆಗೆದುಕೊಂಡವರ ಕಡೆಯವರು ಹೇಳಿದರು. ಆದ್ದರಿಂದ ಹೋದ ಅರಸನು ನಿರಪರಾಧಿಯಾದನು, ಅವಳು ಕುಲಟೆಯಾದಳು. ಪ್ರಿಯಕರನಿದ್ದನೆಂಬುದು ಒಬ್ಬಳ ಚರಿತ್ರೆಯಲ್ಲಿ ಅಡಿಟಿಪ್ಪಣಿ, ಇನ್ನೊಬ್ಬಳ ಚರಿತ್ರೆಯಲ್ಲಿ ಅದೇ ಸರ್ವಸ್ವ. ಎರಡು ತೀರ್ಪುಗಳ ವ್ಯತ್ಯಾಸಕ್ಕೆ ಸಾಕ್ಷ್ಯದ ಬಲಾಬಲ ಕಾರಣವಲ್ಲ, ಯುದ್ಧದ ಜಯಾಪಜಯ ಕಾರಣ.

ಇದಕ್ಕೆ ಕೆಳದಿಯ ಮನೆತನದಲ್ಲಿಯೇ ಇನ್ನೊಂದು ನಿದರ್ಶನವಿದೆ. ಒಂದನೆಯ ಸೋಮಶೇಖರನಾಯಕನು ಕೊಲೆಯಾದ ಮೇಲೆ ೧೬೭೧ರಲ್ಲಿ ಅಧಿಕಾರ ವಹಿಸಿದ ರಾಣಿ ಚೆನ್ನಮ್ಮಾಜಿಯೂ ವಿಧವೆ. ಅವಳೂ ಒಬ್ಬ ಬಾಲಕನನ್ನು ದತ್ತು ತೆಗೆದುಕೊಂಡು ತಾನೇ ಆಳಿದವಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು, ಔರಂಗಜೇಬನ ಸೇನೆಯನ್ನು ಎದುರಿಸಿ ನಿಂತಳು. ನಾವು ಅವಳನ್ನು ವೀರರಾಣಿಯೆಂದು ಗೌರವಿಸುತ್ತೇವೆ, ಅದು ಯುಕ್ತವೇ. ಆದರೆ ವಿಧವೆಯ ದತ್ತುಸ್ವೀಕಾರವು ಒಬ್ಬಳಲ್ಲಿ ರಾಜಧರ್ಮವೂ ಇನ್ನೊಬ್ಬಳಲ್ಲಿ ಅಧಿಕಾರದ ಆಸೆಯೂ ಆಗುವುದು ಹೇಗೆ? ಚೆನ್ನಮ್ಮಾಜಿಯ ಕೋಟೆ ಉಳಿಯಿತು, ವೀರಮ್ಮಾಜಿಯದು ಬಿದ್ದಿತು ಎಂಬುದನ್ನು ಬಿಟ್ಟರೆ ಈ ಭೇದಕ್ಕೆ ಬೇರೆ ಕಾರಣವನ್ನು ನಮ್ಮ ಪುಸ್ತಕಗಳು ಕೊಡುವುದಿಲ್ಲ.

ನಮ್ಮ ಮಾತನ್ನು ತಪ್ಪಾಗಿ ತಿಳಿಯಬಾರದು. ವೀರಮ್ಮಾಜಿಯನ್ನು ದೋಷಮುಕ್ತಳೆಂದು ಸಾರಲು ನಾವು ಹೊರಟಿಲ್ಲ. ಅರಮನೆಗಳಲ್ಲಿ ಕೊಲೆಗಳು ನಡೆದಿವೆ. ರೋಪ್ಷಾದಲ್ಲಿ ನಡೆಯಿತು, ಬಿದನೂರಿನಲ್ಲಿಯೂ ನಡೆದಿರಬಹುದು. ಒಂದು ಆರೋಪವು ಆರೋಪಿಸಿದವನಿಗೆ ಲಾಭಕರವಾಗಿದ್ದ ಮಾತ್ರಕ್ಕೆ ಸುಳ್ಳಾಗುವುದಿಲ್ಲ. ಆದರೆ ಅದನ್ನು ‘ಕೊಲ್ಲಿಸಿದಳು’ ಎಂದು ಬರೆಯುವುದಕ್ಕೂ ‘ಕೊಲ್ಲಿಸಿದಳೆಂದು ವಿಲ್ಕ್ಸನು ಹೇಳುತ್ತಾನೆ’ ಎಂದು ಬರೆಯುವುದಕ್ಕೂ ಬಹಳ ಅಂತರವಿದೆ. ಈ ಅಂತರವನ್ನು ಕಲಿಸದ ಚರಿತ್ರೆಯ ಪಾಠವು ಹೆಸರುಗಳ ಕಂಠಪಾಠವಾಗುತ್ತದೆ, ಅಷ್ಟೆ.

ಇದೆಲ್ಲದರ ನಡುವೆ ಮರೆತುಹೋದವನು ಅರಸನೇ. ಪೀಟರನಿಗೆ ಅವನ ಶಾಸನಗಳು ಸಾಕ್ಷಿಯಾಗಿ ನಿಂತವು. ಎರಡು ನೂರು ವರ್ಷಗಳ ಮೇಲೆ ಅವುಗಳನ್ನು ತೆರೆದು ಓದಿದವರಿಗೆ ಬೊಂಬೆಯಾಟದ ಹುಡುಗನ ಬದಲು ಆಡಳಿತ ನಡೆಸಲು ಯತ್ನಿಸಿದ ಒಬ್ಬ ಮನುಷ್ಯನು ಕಂಡನು. ಚೆನ್ನಬಸಪ್ಪನಾಯಕನನ್ನು ನಾವು ಇನ್ನೂ ಸಾವಿನಿಂದ ಮಾತ್ರ ಬಲ್ಲೆವು. ಮೂರು ವರ್ಷದ ಆಳ್ವಿಕೆಯಿಂದ ಬಲ್ಲವರಲ್ಲ. ಅವನನ್ನು ಮರಳಿ ಪಡೆಯುವ ದಾರಿಯೂ ರಷ್ಯದ ವಿದ್ವಾಂಸರು ಹಿಡಿದ ದಾರಿಯೇ. ಮಲೆನಾಡಿನ ಮಠಗಳಲ್ಲಿರುವ ನಿರೂಪಗಳು, ಉಂಬಳಿಯ ತಾಮ್ರಪಟಗಳು, ಹಳೆಯ ಮನೆಗಳ ಕಡತಗಳು, ಕೆಳದಿಯ ವಸ್ತುಸಂಗ್ರಹಾಲಯದ ಓಲೆಗಳು ಇವುಗಳಲ್ಲಿ ೧೭೫೪ರಿಂದ ೧೭೫೭ರ ವರೆಗಿನ ಕಾಲಕ್ಕೆ ಸೇರಿದವನ್ನು ಬೇರ್ಪಡಿಸಿ, ತಿಥಿಕ್ರಮದಲ್ಲಿ ಜೋಡಿಸಿ ಓದಬೇಕು. ಅದು ಒಬ್ಬರ ಕೆಲಸವಲ್ಲ. ಶಿವಮೊಗ್ಗೆಯ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಾಲೂಕುಗಳನ್ನು ಹಂಚಿಕೊಂಡು ಹೊರಟರೆ ನಾಲ್ಕಾರು ವರ್ಷಗಳಲ್ಲಿ ಆಗಬಹುದಾದ ಕೆಲಸ. ಹಾಗೆ ದೊರೆತ ಒಂದು ಸಣ್ಣ ಉಂಬಳಿಯ ಪತ್ರವೂ, ಕೊರಳು ಮುರಿದ ಜಟ್ಟಿಯ ಕಥೆಗಿಂತ, ಆ ತರುಣ ಅರಸನಿಗೆ ಹೆಚ್ಚು ನ್ಯಾಯವನ್ನು ಮಾಡುತ್ತದೆ.